ಎರಡು ಸೀಟಿನ ಅಣ್ಣ

ನಾನು ದುಡುಕುವ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನದನ್ನು ಓದಿದ ಮೇಲೆ ಯಾರೂ ನಂಬುವುದಿಲ್ಲ. ಸ್ಲ್ಯಾಬ್ ಹಾಕುವ ಮುಂಚೆ ಕೆಳಗಿನ ಒಂದೊಂದು ಕಂಬವನ್ನೂ ಒದ್ದು ನೋಡುವವನು ನಾನು. ಬದನೆಕಾಯಿ ಕೊಳ್ಳುವಾಗಲೂ ಒದೆಯುವುದೊಂದು ಬಿಟ್ಟು ಉಳಿದೆಲ್ಲ ಪರೀಕ್ಷೆ ಮಾಡುತ್ತೇನೆ. ಅಂಥವನು ಒಂದು ಕಾರಿನ ವಿಷಯದಲ್ಲಿ ಮೂರ್ಖನಾಗಬಹುದೆಂದು ಯಾರು ಅಂದುಕೊಂಡಿದ್ದರು? ನನ್ನ ಹೆಂಡತಿ ಅಂದುಕೊಂಡಿದ್ದಳಂತೆ. ಅದು ಆಮೇಲೆ ಗೊತ್ತಾಯಿತು.

ನಮ್ಮೂರು ಸೇಡಂ ಕಡೆ. ಏಳನೇ ಇಯತ್ತೆಗೆ ನಾನು ಶಾಲೆ ಬಿಟ್ಟೆ. ಶಾಲೆಯೂ ನನ್ನನ್ನು ತಡೆಯಲಿಲ್ಲ. ಹೈದರಾಬಾದಿಗೆ ಬಂದು ಮಿಯಾಪುರದ ಅಪಾರ್ಟ್‌ಮೆಂಟುಗಳಿಗೆ ಸೆಂಟ್ರಿಂಗ್, ಎಂದರೆ ಕಾಂಕ್ರೀಟಿನ ಅಚ್ಚು, ಹೊಡೆಯುತ್ತಾ ಹೊಡೆಯುತ್ತಾ, ಕೊನೆಗೆ ಅಂಥದೇ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಮನೆ ಮಾಡಿಕೊಂಡು ಕೂತೆ. ಸ್ವಂತ ವಾಹನವೆಂದರೆ ಸೆಂಟ್ರಿಂಗ್ ಪ್ಲೇಟು ಸಾಗಿಸುವ ಒಂದು ಟ್ರಾಲಿ ಆಟೋ. ಅದರ ಹಿಂದೆ ‘ಅವ್ವನ ಆಶೀರ್ವಾದ’ ಎಂದು ಕನ್ನಡದಲ್ಲೇ ಬರೆಸಿದ್ದೇನೆ. ಇಲ್ಲಿಯ ಪೊಲೀಸರಿಗೆ ಅದು ಓದಲು ಬರುವುದಿಲ್ಲ, ಆದ್ದರಿಂದ ಆಶೀರ್ವಾದ ಅವರ ಮೇಲೆ ಅಷ್ಟಾಗಿ ಕೆಲಸ ಮಾಡಿಲ್ಲ.

ಹೀಗಿರುವಾಗ, ಪಟಾನ್‌ಚೆರು ಆಚೆ ಯಾರಿಗೂ ಬೇಡವಾಗಿದ್ದ ಕಾಲದಲ್ಲಿ ನಾನು ಕೊಂಡಿದ್ದ ಕಲ್ಲುಜಾಗದ ಪಕ್ಕದಲ್ಲೇ ದೊಡ್ಡ ರಸ್ತೆ ಬಂತು. ಜಾಗ ಮಾರಿದೆ. ಒಮ್ಮೆಲೇ ದುಡ್ಡು ಬಂದವನಿಗೆ ಸಲಹೆ ಕೊಡುವವರೂ ಒಮ್ಮೆಲೇ ಬರುತ್ತಾರೆ. ಸೈಟು ತಗೋ, ಬಂಗಾರ ತಗೋ, ಊರಲ್ಲಿ ಹೊಲ ತಗೋ. ನಾನು ಎಲ್ಲವನ್ನೂ ಸಮಾಧಾನದಿಂದ ಕೇಳಿ, ಸ್ಪೋರ್ಟ್ಸ್ ಕಾರು ತಗೊಳ್ಳುವುದೆಂದು ನಿರ್ಧರಿಸಿದೆ.

ನಗಬೇಡಿ. ಶೋಕಿಗಾಗಿ ಅಲ್ಲ. ಇದರ ಹಿಂದೆ ಒಂದು ಪಾಪವಿತ್ತು.

ನನಗೆ ಒಬ್ಬಳೇ ತಂಗಿ, ಮಾದೇವಿ. ಜೀಡಿಮೆಟ್ಲಾಕ್ಕೆ ಕೊಟ್ಟಿದ್ದೇವೆ. ಅವಳ ಗಂಡ ಅಲ್ಲೇ ಔಷಧ ಕಾರ್ಖಾನೆಯಲ್ಲಿ ಶಿಫ್ಟಿನ ಮೇಲೆ ಕೆಲಸ ಮಾಡುತ್ತಾನೆ. ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣನಾದವನು ಖುದ್ದು ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು. ಅವಳು ಬಂದು ಮಣ್ಣಿನ ನಾಗಪ್ಪನಿಗೆ ಹಾಲೆರೆಯುತ್ತಾ, ಅವ್ವನ ಪಾಲು, ಅಪ್ಪನ ಪಾಲು, ಅಣ್ಣನ ಪಾಲು ಎಂದು ಒಬ್ಬೊಬ್ಬರ ಹೆಸರಿನಲ್ಲಿ ಹಾಲು ಬಿಡಬೇಕು. ಅವ್ವ ಅಪ್ಪ ಹೋದ ಮೇಲೆ ತವರು ಅಂದರೆ ನಾನೇ, ನನ್ನ ಮೂರನೇ ಮಹಡಿಯೇ.

ಹೋದ ವರ್ಷ ಪಂಚಮಿಯ ಹೊತ್ತಿಗೆ ಒಂದು ದೊಡ್ಡ ಸ್ಲ್ಯಾಬಿನ ಕೆಲಸ ಬಂತು. ನಾನು ಹೋಗಲಿಲ್ಲ. ಬದಲಿಗೆ ಫೋನಿನಲ್ಲಿ ಒಂದು ಕ್ಯಾಬ್ ಬುಕ್ ಮಾಡಿ, ತಂಗಿಗೆ ಓಟಿಪಿ ಕಳಿಸಿದೆ. ಆಧುನಿಕ ಅಣ್ಣನಾದೆನೆಂದು ಆ ದಿನ ನನಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು. ಅತ್ತ ಏನಾಯಿತೆಂದರೆ, ಮಾದೇವಿಯ ನೆಗೆಣ್ಣಿಯನ್ನು, ಎಂದರೆ ಓರಗಿತ್ತಿಯನ್ನು, ಕರೆಯಲು ಅವಳ ಅಣ್ಣ ಅದೇ ಹೊತ್ತಿಗೆ ಎತ್ತರದ ದೊಡ್ಡ ಕಾರು ತಂದು, ಸೀರೆ, ಕುಬಸ, ಹೂವು, ಹಣ್ಣು ಹಿಡಿದುಕೊಂಡು ಇಳಿದ. ಮಾದೇವಿಯ ಬಾಗಿಲಿಗೆ ಕ್ಯಾಬಿನವನು ಇಳಿಯದೆ ಹಾರ್ನ್ ಹೊಡೆದ. ಅವಳ ಅತ್ತೆ ಗೌರಮ್ಮ ಹೊರಗೆ ಬಂದು, ನಿಮ್ಮಣ್ಣನ ಹೆಸರು ಕೇಳಿದರೆ ಈ ಮನುಷ್ಯ ನಾಲ್ಕು ಅಂಕಿ ಕೇಳುತ್ತಾನಲ್ಲ ಅಂದರಂತೆ. ಮಾದೇವಿ ಕ್ಯಾಬನ್ನು ಖಾಲಿ ವಾಪಸು ಕಳಿಸಿದಳು. ಹಬ್ಬವನ್ನು ಗಂಡನ ಮನೆಯಲ್ಲೇ ಮಾಡಿದಳು.

ಇದನ್ನೆಲ್ಲ ನನಗೆ ಹೇಳಿದ್ದು ಗೌರಮ್ಮನೇ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ಎದುರು ಸಾಲಿಗೂ ಕೇಳುವ ಹಾಗೆ. ಕೊನೆಗೆ ಹೋಳಿಗೆ ಮುರಿಯುತ್ತಾ ಇನ್ನೊಂದು ಮಾತು ಸೇರಿಸಿದರು:

“ಹಾಲೆರಿಯುವಾಗ ಎಲ್ಲರ ಪಾಲೂ ಅಂದ್ಳರಿ ಬೀಗರ. ಅಣ್ಣನ ಪಾಲು ಮಾತ್ರ ಅನ್ನಲಿಲ್ಲ. ನಾ ಕಿವಿಗೊಟ್ಟು ಕೇಳೀನಿ.”

ಬಾಯಿಗೆ ಎತ್ತಿದ್ದ ಹೋಳಿಗೆಯನ್ನು ನಾನು ಎಲೆಗೇ ಇಳಿಸಿದೆ. ಅಂದಿನಿಂದ ಹೋಳಿಗೆ ಮುಟ್ಟಿಲ್ಲ.

ಆ ವರ್ಷವಿಡೀ ನಾನು ಯೋಚಿಸಿದೆ. ಶಾಲೆ ಕಡಿಮೆಯಾದರೂ ತರ್ಕ ಕಡಿಮೆಯಿಲ್ಲ ನನಗೆ. ಹೋದ ವರ್ಷ ತಪ್ಪಾದದ್ದು ಯಾಕೆ? ಸಮಯ ಇರಲಿಲ್ಲ. ಸಮಯ ಇಲ್ಲದಿದ್ದರೆ ಏನು ಬೇಕು? ವೇಗ ಬೇಕು. ವೇಗ ಎಲ್ಲಿ ಸಿಗುತ್ತದೆ? ಶೋರೂಮಿನಲ್ಲಿ! ಇನ್ನು ನೆಗೆಣ್ಣಿಯ ಅಣ್ಣನ ವಿಷಯ. ಅವನು ಎತ್ತರದ ಕಾರು ತಂದ. ಅದಕ್ಕಿಂತ ಎತ್ತರದ್ದು ತರಬೇಕೆಂದರೆ ನಾನು ಲಾರಿ ತರಬೇಕು. ಆದ್ದರಿಂದ ತಗ್ಗಿನದು ತರಬೇಕು. ಎಷ್ಟು ತಗ್ಗೋ ಅಷ್ಟು ದೊಡ್ಡಸ್ತಿಕೆ ಎಂದು ಶೋರೂಮಿನ ಶ್ರೀಕಾಂತ್ ಎಂಬವನೇ ನನಗೆ ಹೇಳಿದ್ದ.

ಶ್ರೀಕಾಂತ್ ಕುತ್ತಿಗೆಗೆ ಟೈ ಕಟ್ಟಿದ, ತಲೆ ಅರ್ಧ ಬೋಳಾದ, ಬಹಳ ತಾಳ್ಮೆಯ ಮನುಷ್ಯ. ನಾನು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಾಗಲೂ ನಗಲಿಲ್ಲ. ನನಗೆ ತೋರಿಸಿದ ಕಾರು ಕೆಂಪಗೆ, ಇಲಿಗಾಗಿ ಹೊಂಚು ಹಾಕಿ ಕೂತ ಬೆಕ್ಕಿನ ಹಾಗೆ ನೆಲಕ್ಕೆ ಅಂಟಿಕೊಂಡಿತ್ತು. ಇಂಥ ಕಾರಿಗೆ ಹತ್ತುವುದೆಂಬುದಿಲ್ಲ. ಬಾವಿಗೆ ಇಳಿದ ಹಾಗೆ ಇಳಿಯಬೇಕು. ಆಮೇಲೆ ಹೊರಗೆ ಬರಲು ಹತ್ತಬೇಕು. ನಾನು ಇಳಿದೆ. ಹತ್ತುವಾಗ ಶ್ರೀಕಾಂತ್ ಒಂದು ಕೈ, ಕಾವಲುಗಾರ ಒಂದು ಕೈ ಹಿಡಿದು ಎಳೆದರು. ಇಷ್ಟು ಗೌರವದಿಂದ ನನ್ನನ್ನು ಯಾವ ಗಾಡಿಯಿಂದಲೂ ಯಾರೂ ಇಳಿಸಿರಲಿಲ್ಲ.

ಈಗ ಪ್ರಶ್ನೆ ಹುಟ್ಟಿತು. ಕೊಳ್ಳುವುದು ಈಗಲೋ, ಕಾಯುವುದೋ?

ಆಗ ಆಷಾಢ ನಡೆದಿತ್ತು. ಊರೆಲ್ಲ ಬೋನಾಲು ಹಬ್ಬದ ಡೋಲು, ಶೋರೂಮಿನಲ್ಲಿ ಮಾತ್ರ ನೊಣ. ಆಷಾಢದಲ್ಲಿ ಯಾರೂ ಗಾಡಿ ಕೊಳ್ಳದ ಕಾರಣ ಬೆಲೆ ಇಳಿಸಿದ್ದಾರೆಂದೂ, ಶ್ರಾವಣ ಹತ್ತಿದರೆ ಈ ರಿಯಾಯಿತಿ ಹೋಗಿಬಿಡುತ್ತದೆಂದೂ ಶ್ರೀಕಾಂತ್ ತೆಲುಗು ಹಿಂದಿ ಎರಡರಲ್ಲೂ ವಿವರಿಸಿದ. ಆದರೆ ಪಾಪ, ಪ್ರಾಮಾಣಿಕ. ಶ್ರಾವಣದಲ್ಲಿ ತಲೆಯ ಮೇಲಿನ ಮುಚ್ಚಳ ತಾನಾಗಿಯೇ ತೆರೆಯುವ ಹೊಸ ಮಾದರಿ ಬರಲಿದೆ ಎಂಬುದನ್ನೂ ಹೇಳಿಬಿಟ್ಟ. ಅಲ್ಲಿಗೆ ನನ್ನ ನಿದ್ದೆಯೂ ತೆರೆದುಕೊಂಡಿತು.

ಮನೆಯಲ್ಲಿ ಶರಣಮ್ಮನ ಮುಂದೆ, ಎಂದರೆ ನನ್ನ ಹೆಂಡತಿಯ ಮುಂದೆ, ಕಾರಿನ ಚಿತ್ರವಿರುವ ಹೊಳೆಯುವ ಪುಸ್ತಕ ಇಟ್ಟೆ. ಅವಳು ರೊಟ್ಟಿಯ ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು, ಚಿತ್ರದ ಮೇಲೆ ಬೆರಳಿಟ್ಟು ಬಾಗಿಲುಗಳನ್ನು ಎಣಿಸಿದಳು. ಆಮೇಲೆ ನಕ್ಕಳು. ಸಂತೋಷಕ್ಕೆ ನಕ್ಕಳೆಂದು ತಿಳಿದೆ.

“ಹೊಸಾ ಸೊಸಿನ್ನ ಸೈತ ಮನ್ಯಾಗ ಇಟ್ಕೊಳ್ಳದ ತಿಂಗಳರಿ ಇದು,” ಅಂದಳು. “ಕಬ್ಬಿಣ ತಂದು ಇಡ್ತೀರೇನು? ಅಷ್ಟಕ್ಕೂ ಮಾದೇವಿನ್ನ ಕರಿಲಾಕ ನಮ್ಮ ಟ್ರಾಲಿಗಿ ಏನಾಗೇತಿ?”

ಟ್ರಾಲಿಯಲ್ಲಿ ತಂಗಿಯನ್ನು ತರುವುದೆಂದರೆ ನನ್ನ ಮರ್ಯಾದೆ ಏನಾಗಬೇಕೆಂದು ಕೇಳಿದೆ. ಅವಳು ರೊಟ್ಟಿ ಬಡಿಯಲು ಶುರು ಮಾಡಿದಳು. ನನ್ನ ಮರ್ಯಾದೆಯ ಮಾತು ಬಂದಾಗ ಅವಳು ಸಾಮಾನ್ಯವಾಗಿ ಏನನ್ನಾದರೂ ಬಡಿಯುತ್ತಾಳೆ.

ಎದುರು ಮನೆಯ ಕುಲಕರ್ಣಿ ಕಾಕಾ ಅವರನ್ನು ಕೇಳಿದೆ. ಅವರು ಬೀದರ ಕಡೆಯವರು, ಓದಿದವರು, ಕಾಯುವ ವಿದ್ಯೆಯಲ್ಲಿ ಪಂಡಿತರು. ಯಾವ ವಸ್ತುವನ್ನೂ ಈಗ ಕೊಳ್ಳಬಾರದು, ಮುಂದಿನ ವರ್ಷ ಇದಕ್ಕಿಂತ ಒಳ್ಳೆಯದು ಇದಕ್ಕಿಂತ ಅಗ್ಗಕ್ಕೆ ಬರುತ್ತದೆ ಎಂಬುದು ಅವರ ಸಿದ್ಧಾಂತ. ಈ ಸಿದ್ಧಾಂತದ ಪ್ರಕಾರ ಫ್ರಿಜ್ಜಿಗಾಗಿ ಕಾಯುತ್ತಾ ಕಾಯುತ್ತಾ ಅವರಿಗೆ ಮೊಮ್ಮಕ್ಕಳಾದರು. ಅವರ ಹಾಲಿನ ಪಾಕೀಟು ಇವತ್ತಿಗೂ ನಮ್ಮ ಫ್ರಿಜ್ಜಿನಲ್ಲಿ ಇರುತ್ತದೆ.

“ದುಡುಕಬ್ಯಾಡ ಮಲ್ಲಣ್ಣ,” ಅಂದರು ಕಾಕಾ. “ಶ್ರಾವಣದಾಗ ಹೊಸಾದು ಬರ್ತದ. ಹೊಸಾದು ಬಂದ ಮ್ಯಾಲ ಹಳೇದರ ಬೆಲಿ ಬೀಳ್ತದ. ಅದು ಬೀಳೂತನಕ ಕಾಯಿ. ಅಷ್ಟೊತ್ತಿಗೆ ಕರೆಂಟಿಂದು ಬರ್ತದ. ಆಗ ಎರಡೂ ಬೀಳ್ತಾವ. ಆಗೂ ಕಾಯಿ.”

ನಾನು ಎಲ್ಲರ ಮಾತಿಗೂ ಬೆಲೆ ಕೊಟ್ಟೆ. ಆಷಾಢದಲ್ಲಿ ಬೆಲೆ ಕಡಿಮೆ, ಆದರೆ ತಿಂಗಳು ಕೆಟ್ಟದ್ದು. ಶ್ರಾವಣದಲ್ಲಿ ತಿಂಗಳು ಒಳ್ಳೆಯದು, ಆದರೆ ಬೆಲೆ ಕೆಟ್ಟದ್ದು. ದಿನಾ ಸಂಜೆ ಶೋರೂಮಿಗೆ ಹೋಗಿ, ಅವರು ಕೊಡುವ ಕಾಫಿ ಕುಡಿದು, ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ, ನಾಳೆ ಹೇಳುತ್ತೇನೆ ಎಂದು ಬರುತ್ತಿದ್ದೆ. ಮೊದಮೊದಲು ಬಿಸ್ಕತ್ತೂ ಇರುತ್ತಿತ್ತು. ಆಮೇಲೆ ಬಿಸ್ಕತ್ತು ನಿಂತಿತು. ಕೊನೆಗೆ ಕಾವಲುಗಾರ ನನ್ನ ಚಪ್ಪಲಿ ತಾನೇ ಪಕ್ಕಕ್ಕೆ ಸರಿಸಿಡುತ್ತಿದ್ದ.

ಇತ್ತ ಆಷಾಢ ನನ್ನ ನಿರ್ಧಾರಕ್ಕೆ ಕಾಯದೆ ಮುಗಿದುಹೋಯಿತು. ನಾಗರ ಅಮಾವಾಸ್ಯೆ ಬಂತು. ಮಾದೇವಿ ಫೋನು ಮಾಡಿದಳು. ಯಾವಾಗ ಬರುತ್ತೀ ಎಂದು ಕೇಳಲಿಲ್ಲ. ನೀ ಬರುತ್ತೀಯಾ, ಮತ್ತ ಯಾರನ್ನರ ಕಳಸ್ತೀಯಾ ಎಂದು ಕೇಳಿದಳು. ನಾನೇ ಬರುತ್ತೇನೆ, ಹೇಗೆ ಬರುತ್ತೇನೆಂದು ಕಾದು ನೋಡು ಅಂದೆ.

“ಹೆಂಗರ ಬಾ ಅಣ್ಣ,” ಅಂದಳು. “ನಡಕೊಂಡು ಬಾ. ಚೀಲಾ ಕಟ್ಟಿ ಇಟ್ಟೀನಿ. ಈ ಸಲಾನೂ ನೀ ಬರಲಿಲ್ಲಂದ್ರ ನನಗ ತವರು ಐತಿ ಅಂತ ನಾ ಯಾರ ಮುಂದೂ ಅನ್ನಂಗಿಲ್ಲ.”

ಬುದ್ಧಿಯಿದ್ದವನು ಆ ಕ್ಷಣವೇ ಚಪ್ಪಲಿ ಮೆಟ್ಟಿ ಹೊರಡಬೇಕಿತ್ತು. ಮಿಯಾಪುರದಿಂದ ಜೀಡಿಮೆಟ್ಲಾ ಏನು ಪರದೇಶವಲ್ಲ. ನಾನು ಶೋರೂಮಿಗೆ ಹೋದೆ. ಹೊಸ ಮಾದರಿ ಇನ್ನೂ ಬಂದಿಲ್ಲ, ದಾರಿಯಲ್ಲಿದೆ ಅಂದರು. ಹಾಗಾದರೆ ಒಂದು ದಿನ ಕಾಯೋಣವೆಂದು ತಂಗಿಗೆ ನಾಳೆ ಅಂದೆ. ಮರುದಿನ ಇನ್ನೂ ದಾರಿಯಲ್ಲೇ ಇತ್ತು. ತಂಗಿಗೆ ಮತ್ತೆ ನಾಳೆ ಅಂದೆ. ಅಷ್ಟು ವೇಗದ ಕಾರು ದಾರಿಯಲ್ಲಿ ಇಷ್ಟು ದಿನ ಏನು ಮಾಡುತ್ತಿದೆ ಎಂಬ ಅನುಮಾನ ನನಗೆ ಬರಬೇಕಿತ್ತು. ಬರಲಿಲ್ಲ. ಅತ್ತ ನೆಗೆಣ್ಣಿಯನ್ನು ಅವಳ ಅಣ್ಣ ಬಂದು ಕರೆದುಕೊಂಡು ಹೋಗಿಯೂ ಆಗಿತ್ತು. ಮಾದೇವಿಯ ಚೀಲ ಬಾಗಿಲ ಹತ್ತಿರವೇ ಇದೆ, ಗೌರಮ್ಮ ದಿನಾ ಅದನ್ನು ದಾಟಿಕೊಂಡು ಓಡಾಡುತ್ತಿದ್ದಾರೆ, ಪ್ರತಿ ಸಲ ದಾಟುವಾಗಲೂ ಒಂದು ಮಾತು ಆಡುತ್ತಿದ್ದಾರೆ ಎಂದು ಶರಣಮ್ಮ ನನಗೆ ವರದಿ ಒಪ್ಪಿಸಿದಳು.

ಪಂಚಮಿಗೆ ಮುಂಚಿನ ರೊಟ್ಟಿ ಹಬ್ಬದ ದಿನ ಬಂತು. ಮರುದಿನವೇ ಹಾಲೆರೆಯುವುದು. ಇನ್ನು ನಾಳೆ ಎಂಬುದಿಲ್ಲ. ಆಗ ನನ್ನ ತಲೆಯಲ್ಲಿ ಮಿಂಚಿದ ಉಪಾಯಕ್ಕೆ ನಾನೇ ಬೆರಗಾದೆ. ಕೊಳ್ಳುವುದೂ ಬೇಡ, ಕಾಯುವುದೂ ಬೇಡ. ಟೆಸ್ಟ್ ಡ್ರೈವ್! ಓಡಿಸಿ ನೋಡಲು ಕೊಡುತ್ತೇವೆಂದು ಅವರೇ ಎಷ್ಟು ಸಲ ಹೇಳಿದ್ದರು. ಓಡಿಸಿ ನೋಡುವುದು ಜೀಡಿಮೆಟ್ಲಾ ತನಕ ಯಾಕಾಗಬಾರದು? ಕೆಂಪು ಕಾರಿನಲ್ಲಿ ತಂಗಿಯೂ ಬಂದ ಹಾಗಾಯಿತು, ನಿರ್ಧಾರವನ್ನು ಹಬ್ಬದ ನಂತರಕ್ಕೆ ಮುಂದೂಡಿದ ಹಾಗೂ ಆಯಿತು. ಶ್ರೀಕಾಂತ್ ಸ್ವಲ್ಪ ಯೋಚಿಸಿ ಒಪ್ಪಿದ. ನಾನು ಇನ್ನೂ ಒಂದು ತಿಂಗಳು ಕಾಫಿ ಕುಡಿಯಲು ಬರುತ್ತೇನೆಂಬ ಹೆದರಿಕೆ ಅವನನ್ನು ಒಪ್ಪಿಸಿರಬೇಕು.

ಬಿಳಿ ಅಂಗಿ, ಬಿಳಿ ಧೋತರ ಉಟ್ಟು, ತಲೆಗೆ ಪಟಕ ಸುತ್ತಿ ಕಾರಿಗೆ ಇಳಿದೆ. ಪಟಕ ಛಾವಣಿಗೆ ತಾಗಿ ಕಣ್ಣ ಮೇಲೆ ಕೂತಿತು. ಅದನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ. ಪಕ್ಕದಲ್ಲಿ ಶ್ರೀಕಾಂತ್ ಕೂತು, ಬೆಲ್ಟು ಕಟ್ಟಿಕೊಂಡು, ಕಣ್ಣು ಮುಚ್ಚಿ ಯಾವುದೋ ದೇವರನ್ನು ನೆನೆದ. ಕಾರಿಗೆ ಕ್ಲಚ್ ಇರಲಿಲ್ಲ. ಇಷ್ಟು ವರ್ಷ ದುಡಿದ ನನ್ನ ಎಡಗಾಲು ಕೆಲಸ ಕಳೆದುಕೊಂಡ ಮೇಸ್ತ್ರಿಯ ಹಾಗೆ ಅಲ್ಲಿ ಇಲ್ಲಿ ಹುಡುಕಾಡಿ, ಕೊನೆಗೆ ಬ್ರೇಕ್ ತುಳಿಯಿತು. ಶ್ರೀಕಾಂತನ ಹಣೆ ಮುಂದೆ ಹೋಗಿ ಬಂತು.

ಈ ಕಾರು ರೆಪ್ಪೆ ಬಡಿಯುವುದರೊಳಗೆ ನೂರರ ವೇಗ ಮುಟ್ಟುತ್ತದೆ ಎಂದು ಪುಸ್ತಕದಲ್ಲಿ ಬರೆದಿತ್ತು. ಸುಳ್ಳಲ್ಲ. ಆದರೆ ಪುಸ್ತಕ ಬರೆದವನು ನಮ್ಮ ರಸ್ತೆ ನೋಡಿರಲಿಲ್ಲ. ಮಳೆಗೆ ಕಿತ್ತ ಡಾಂಬರು, ಮುಂದೆ ಬಸ್ಸು, ಎಡಕ್ಕೆ ಶೇರ್ ಆಟೋ, ಬಲಕ್ಕೆ ಎಮ್ಮೆ. ಇದೆಲ್ಲದರ ಮೇಲೆ ಸ್ಪೀಡ್ ಬ್ರೇಕರು. ಒಂದೊಂದು ಬ್ರೇಕರು ಬಂದಾಗಲೂ ಶ್ರೀಕಾಂತ್ “ಸ್ಲೋ ಸಾರ್, ಸ್ಲೋ ಸಾರ್” ಎಂದು ಪಠಿಸುತ್ತಿದ್ದ. ನಾನು ಮಲಗಿದ ಕೂಸನ್ನು ದಾಟುವವನ ಹಾಗೆ ಓರೆಯಾಗಿ, ಒಂದೊಂದೇ ಗಾಲಿ ಎತ್ತಿಡುತ್ತಿದ್ದೆ. ಹಿಂದೆ ಯಾವುದೋ ಗಾಡಿ ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿತ್ತು. ಎಲ್ಲೋ ಕೇಳಿದ ಹಾರ್ನು. ಕನ್ನಡಿಯಲ್ಲಿ ನೋಡಲು ತಲೆ ತಿರುಗಿಸುವಷ್ಟು ಜಾಗ ಇರಲಿಲ್ಲ. ಹೊಟ್ಟೆಕಿಚ್ಚಿನವನು, ನೋಡಿ ಉರಿಯಲಿ ಅಂದುಕೊಂಡೆ. ಕಾಲ್ನಡಿಗೆಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕ ನಮ್ಮ ಜೊತೆಗೇ ಬಹಳ ದೂರ ಬಂದು, ಕೊನೆಗೆ ನಮ್ಮನ್ನು ಹಿಂದೆ ಹಾಕಿ ಹೋದ.

ಮಾದೇವಿಯ ಓಣಿ ಸಿಕ್ಕಿತು. ಅಲ್ಲಿ ಪ್ರತಿಯೊಂದು ಮನೆಯವರೂ ತಮ್ಮ ಬಾಗಿಲ ಮುಂದೆ ತಮ್ಮದೇ ಸಿಮೆಂಟಿನ ದಿಬ್ಬ ಹಾಕಿಕೊಂಡಿದ್ದಾರೆ. ಎಲ್ಲಕ್ಕಿಂತ ಎತ್ತರದ್ದು ಗೌರಮ್ಮನವರ ಬಾಗಿಲದ್ದು. ಅದನ್ನು ಹಾಕಿಸಿಕೊಟ್ಟವನು ಯಾರು? ನಾನೇ. ಬೀಗರು ಎಂದು, ಉಳಿದ ಕಾಂಕ್ರೀಟ್ ತಂದು, ಗಟ್ಟಿಯಾಗಿರಲಿ ಎಂದು ಕಬ್ಬಿಣವನ್ನೂ ಇಟ್ಟು, ಒದ್ದು ಪರೀಕ್ಷೆ ಮಾಡಿ ಹಾಕಿಸಿದ್ದೆ. ಮುಂದಿನ ಗಾಲಿ ದಿಬ್ಬ ದಾಟಿತು. ಹಿಂದಿನ ಗಾಲಿ ಇನ್ನೂ ಬರಬೇಕಿತ್ತು. ನಡುವೆ ಕಾರಿನ ಹೊಟ್ಟೆ ದಿಬ್ಬದ ಮೇಲೆ ಕೂತುಬಿಟ್ಟಿತು. ಎಂಥದೋ ಮುರಿದ ಸದ್ದು. ನಾನು ಎಕ್ಸಿಲೇಟರ್ ಒತ್ತಿದೆ, ಕಾರು ಗರ್ಜಿಸಿತು, ಹೋಗಲಿಲ್ಲ. ದಿಬ್ಬದ ಮೇಲೆ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತೂಗತೊಡಗಿತು.

ಓಣಿಯ ಹುಡುಗರು ಕೂಗಿಕೊಂಡು ಬಂದರು. ಗೌರಮ್ಮ ರೊಟ್ಟಿ ಬಡಿಯುವ ಕೈಯಲ್ಲೇ ಹೊರಗೆ ಬಂದು, ಸ್ವಲ್ಪ ಹೊತ್ತು ನಿಂತು ನೋಡಿದರು.

“ಚೊಲೊ ಆತು,” ಅಂದರು. “ಪಂಚಮಿಗಿ ಜೋಕಾಲಿ ಇಲ್ಲಂತ ಅನಕೋತಿದ್ದೆ. ಬೀಗರು ಮನೀತನಕ ತಂದಾರ.”

ಅಷ್ಟರಲ್ಲಿ ಮಾದೇವಿ ಓಡಿಬಂದಳು. ಕಂಕುಳಲ್ಲಿ ಚೀಲ, ಕೈಯಲ್ಲಿ ಉಂಡಿಯ ಡಬ್ಬಿ, ಮುಡಿಯಲ್ಲಿ ಹೂವು. ಎಷ್ಟು ಹೊತ್ತಿನಿಂದ ಸಿದ್ಧವಾಗಿದ್ದಳೋ, ಹೂವು ಬಾಡಿತ್ತು. ಕಾರು ತೂಗುತ್ತಿರುವುದು ಅವಳಿಗೆ ಕಾಣಲೇ ಇಲ್ಲ. ಓಣಿಯ ಆ ತುದಿಯಿಂದ ಈ ತುದಿಯವರೆಗೆ ನಿಂತ ಹೆಂಗಸರನ್ನೆಲ್ಲ ಒಮ್ಮೆ ನೋಡಿ, ನಮ್ಮಣ್ಣ ಬಂದ ನೋಡ್ರಿ ಅಂದಳು. ಅವಳ ಆ ಮುಖ ನೋಡಿ ನನಗೆ, ಸೈ, ಕಾರಿನ ದುಡ್ಡು ಹೋದರೂ ಚಿಂತೆಯಿಲ್ಲ ಅನ್ನಿಸಿತು.

ಅವಳು ಬಾಗಿ ಬಾಗಿಲು ತೆರೆದಳು. ಅಲ್ಲಿ ಶ್ರೀಕಾಂತ್ ಕೂತಿದ್ದ. ಅವನಿಗೆ ನಮಸ್ಕಾರ ಹೇಳಿ, ಬಾಗಿಲು ಮುಚ್ಚಿ, ಹಿಂದಿನ ಬಾಗಿಲು ಹುಡುಕಿದಳು. ಈ ಕಡೆಯಿಂದ ಆ ಕಡೆಗೆ ಹೋದಳು. ಆ ಕಡೆಯಿಂದ ಈ ಕಡೆಗೆ ಬಂದಳು. ಆಮೇಲೆ ನನ್ನ ಕಿಟಕಿಯ ಹತ್ತಿರ ಬಗ್ಗಿ, ಮೆಲ್ಲಗೆ ಕೇಳಿದಳು:

“ಅಣ್ಣಾ, ನಾ ಎಲ್ಲಿ ಕುಂದರ್ಲಿ?”

ನಾನು ಶ್ರೀಕಾಂತನನ್ನು ನೋಡಿದೆ. ಶ್ರೀಕಾಂತ್ ನನ್ನನ್ನು ನೋಡಿದ. ಎರಡು ಸೀಟು. ಒಂದರಲ್ಲಿ ನಾನು, ಒಂದರಲ್ಲಿ ಅವನು. ಇಷ್ಟು ದಿನ ಆ ಕಾರಿನ ಸುತ್ತ ಪ್ರದಕ್ಷಿಣೆ ಹಾಕಿದ್ದೇನೆ, ಗಾಲಿ ಒದ್ದಿದ್ದೇನೆ, ಬಣ್ಣ ಸವರಿದ್ದೇನೆ, ಆಷಾಢ ಶ್ರಾವಣ ಲೆಕ್ಕ ಹಾಕಿದ್ದೇನೆ. ತಂಗಿಯನ್ನು ಕೂರಿಸುವುದು ಎಲ್ಲಿ ಎಂಬುದೊಂದನ್ನು ಬಿಟ್ಟು ಎಲ್ಲವನ್ನೂ ಯೋಚಿಸಿದ್ದೇನೆ!

ಸ್ವಲ್ಪ ಇಳಿಯಪ್ಪಾ ಎಂದು ಶ್ರೀಕಾಂತನನ್ನು ಕೈಮುಗಿದು ಕೇಳಿಕೊಂಡೆ. ಕಂಪನಿಯ ಗಾಡಿ, ನಾನು ಬಿಟ್ಟು ಇಳಿಯುವ ಹಾಗಿಲ್ಲ, ನೌಕರಿ ಹೋಗುತ್ತದೆ ಅಂದ ಅವನು. ಬೇಕಾದರೆ ಹಿಂದಿನ ಡಿಕ್ಕಿಯಲ್ಲಿ ಉಂಡಿಯ ಡಬ್ಬಿ ಹಿಡಿಸುತ್ತದೆ ಎಂದು ಬಹಳ ವಿನಯದಿಂದ ಸೇರಿಸಿದ. ಇವನನ್ನು ಬಿಟ್ಟು ಮತ್ತೆ ಬರುತ್ತೇನೆ ಎಂದು ನಾನು ತಂಗಿಗೆ ಹೇಳಲು ಬಾಯಿ ತೆರೆದೆ. ಆದರೆ ನಾಳೆ, ಮತ್ತೆ, ಆಮೇಲೆ ಎಂಬ ಮಾತುಗಳನ್ನೆಲ್ಲ ನಾನು ಆಗಲೇ ಖರ್ಚು ಮಾಡಿಬಿಟ್ಟಿದ್ದೆ. ಮಾದೇವಿ ಚೀಲವನ್ನು ಕೆಳಗೆ ಇಟ್ಟಳು. ಓಣಿಯ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಗೌರಮ್ಮ ಮಾತ್ರ ಬಾಯಿ ತೆರೆದರು.

“ಹೋದ ವರ್ಷ ಅಣ್ಣ ಇಲ್ಲದ ಗಾಡಿ ಬಂತು,” ಅಂದರು. “ಈ ವರ್ಷ ಜಾಗಾ ಇಲ್ಲದ ಅಣ್ಣ ಬಂದಾನ. ಮುಂದಿನ ವರ್ಷಕ್ಕ ಎರಡೂ ಕೂಡಬಹುದವ್ವಾ, ಕಾಯಿ.”

ಇದರಲ್ಲಿ ತಪ್ಪು ಹುಡುಕಲು ನಾನು ಇವತ್ತಿಗೂ ಪ್ರಯತ್ನ ಮಾಡುತ್ತಿದ್ದೇನೆ.

ಆಗ ಹಿಂದೆ ಮತ್ತೆ ಅದೇ ಹಾರ್ನು. ದಾರಿಯುದ್ದಕ್ಕೂ ನನ್ನ ಬೆನ್ನು ಹತ್ತಿದ್ದ ಹೊಟ್ಟೆಕಿಚ್ಚಿನವನು ಓಣಿಗೆ ಬಂದ. ನೋಡಿದರೆ ‘ಅವ್ವನ ಆಶೀರ್ವಾದ’! ನಮ್ಮದೇ ಟ್ರಾಲಿ. ಡ್ರೈವರ್ ಬಸಣ್ಣನ ಪಕ್ಕದಲ್ಲಿ ಶರಣಮ್ಮ. ಹಿಂದೆ ಸೆಂಟ್ರಿಂಗ್ ಪ್ಲೇಟು ತೆಗೆದು, ತೊಳೆದು, ಜಮಖಾನ ಹಾಸಿ, ಎರಡು ದಿಂಬನ್ನೂ ಇಟ್ಟಿದ್ದಳು. ಒಂದು ತಟ್ಟೆಯಲ್ಲಿ ಸೀರೆ, ಕುಬಸ, ಬಾಳೆಹಣ್ಣು. ಸೀರೆಯ ವಿಷಯ ನನಗೆ ನೆನಪೇ ಆಗಿರಲಿಲ್ಲ.

“ಮಿಯಾಪುರದಿಂದ ನಿಮ್ಮ ಹಿಂದಾ ಬರಾಕತ್ತೀವ್ರಿ,” ಅಂದಳು ನನಗೆ. “ದಾರಿ ಬಿಡವೊಲ್ಲಿರಿ. ಇಲ್ಲಂದ್ರ ಯಾವಾಗೋ ಕರಕೊಂಡು ಹೋಗಿರ್ತಿದ್ವಿ.”

ಆಮೇಲೆ ಅವಳು ಮಾದೇವಿಗೆ ಕುಂಕುಮ ಹಚ್ಚಿ, ಉಡಿ ತುಂಬಿ, ಕೈ ಹಿಡಿದು ಟ್ರಾಲಿ ಹತ್ತಿಸಿದಳು. ಟ್ರಾಲಿಗೆ ನಿಜವಾಗಿಯೂ ಹತ್ತುತ್ತಾರೆ. ಅಕ್ಕಪಕ್ಕದವರು ಸೇರಿ, ಬಸಣ್ಣನ ಕಬ್ಬಿಣದ ಪೈಪುಗಳಿಂದ ಮೀಟಿ, ಕಾರನ್ನು ದಿಬ್ಬದ ಮೇಲಿಂದ ಎಬ್ಬಿಸಿ, ದೊಡ್ಡ ರಸ್ತೆಯ ಕಡೆ ಮುಖ ಮಾಡಿ ನಿಲ್ಲಿಸಿದರು. ಕೆಳಗೆ ಎಣ್ಣೆ ಸೋರುತ್ತಿತ್ತು. ಇಂಜಿನ್ ಹಚ್ಚಲೇಬಾರದು, ದೊಡ್ಡ ರಸ್ತೆಗೆ ಕಂಪನಿಯ ಲಾರಿ ಬರುತ್ತದೆ, ಅಲ್ಲಿಯವರೆಗೆ ಹೇಗಾದರೂ ತಲುಪಿಸಿ ಅಂದ ಶ್ರೀಕಾಂತ್. ಅವನ ಟೈ ಬೆನ್ನಿಗೆ ಬಂದಿತ್ತು.

ಪ್ಲೇಟು ಕಟ್ಟುವ ಹಗ್ಗದಿಂದ ಕಾರನ್ನು ಟ್ರಾಲಿಗೆ ಕಟ್ಟಿದೆವು.

ಹೀಗೆ ನಮ್ಮ ಮೆರವಣಿಗೆ ಹೊರಟಿತು. ಮುಂದೆ ಟ್ರಾಲಿಯಲ್ಲಿ ನನ್ನ ಹೆಂಡತಿ ಮತ್ತು ತಂಗಿ, ದಿಂಬಿಗೆ ಒರಗಿ, ಹಿಂದಕ್ಕೆ ಮುಖ ಮಾಡಿ, ಎತ್ತರದಲ್ಲಿ. ಹಿಂದೆ ಹಗ್ಗದ ತುದಿಯಲ್ಲಿ, ತಗ್ಗಿನಲ್ಲಿ, ಕೆಂಪು ಕಾರಿನಲ್ಲಿ ನಾನು ಮತ್ತು ಶ್ರೀಕಾಂತ್. ಅಣ್ಣ ತಂಗಿಯನ್ನು ಕರೆದೊಯ್ಯುವುದನ್ನು ಓಣಿಯವರು ನೋಡಿದ್ದರು. ತಂಗಿ ಅಣ್ಣನನ್ನು ಎಳೆದುಕೊಂಡು ಹೋಗುವುದನ್ನು ಅಂದೇ ನೋಡಿದರು. ದಾರಿಯಲ್ಲಿ ಒಂದು ಕಡೆ ಗಾಡಿ ನಿಂತಾಗ ಮಾದೇವಿ ಇಳಿದು ಬಂದು, ಕಿಟಕಿಯಲ್ಲಿ ಎರಡು ಶೇಂಗಾ ಉಂಡಿ ಕೊಟ್ಟಳು. ಎರಡನ್ನೂ ಶ್ರೀಕಾಂತನ ಕೈಗೇ ಕೊಟ್ಟಳು. ನನ್ನ ಮುಖ ನೋಡಲಿಲ್ಲ.

ಶ್ರೀಕಾಂತ್ ಒಂದನ್ನು ನನಗೆ ಕೊಟ್ಟು, ಇನ್ನೊಂದನ್ನು ಕಡಿದು, ಬಹಳ ಹೊತ್ತು ಅಗಿದು, ಮುಂದೆ ಎಳೆಯುತ್ತಿದ್ದ ಹಗ್ಗವನ್ನೇ ನೋಡುತ್ತಾ ಕೇಳಿದ:

“ಸಾರ್, ಇಪ್ಪುಡು ತೀಸ್ಕುಂಟಾರಾ, ವೆಯಿಟ್ ಚೇಸ್ತಾರಾ?”

ಈಗ ಕೊಳ್ಳುತ್ತೀರೋ, ಕಾಯುತ್ತೀರೋ ಎಂದು. ಕರ್ತವ್ಯ ಅಂದರೆ ಇದು. ನಾನು ಉಂಡಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಮಣೆಯ ಮೇಲೆ ಮಣ್ಣಿನ ನಾಗಪ್ಪನನ್ನು ಇಟ್ಟರು. ಮಾದೇವಿ ಹೊಸ ಸೀರೆ ಉಟ್ಟು, ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು ಕೂತಳು. ರಾತ್ರಿಯೆಲ್ಲ ಅತ್ತಿಗೆಯ ಜೊತೆ ಮಾತಾಡಿ ನಕ್ಕಿದ್ದಳು. ನನ್ನ ಜೊತೆ ಆಡಿದ್ದು ಉಪ್ಪು ಬೇಕೇನು ಎಂಬ ಒಂದೇ ಮಾತು. ನಾನು ಬಾಗಿಲ ಬದಿಗೆ, ಒಳಗೂ ಅಲ್ಲ ಹೊರಗೂ ಅಲ್ಲ ಎಂಬಂತೆ ನಿಂತೆ. ಫ್ರಿಜ್ಜಿನಿಂದ ತಮ್ಮ ಹಾಲಿನ ಪಾಕೀಟು ಒಯ್ಯಲು ಬಂದ ಕುಲಕರ್ಣಿ ಕಾಕಾ ನನ್ನ ಹಿಂದೆ ನಿಂತರು.

ಅವಳು ಹಾಲು ಬಿಡತೊಡಗಿದಳು. ದೇವರ ಪಾಲು. ಗುರುವಿನ ಪಾಲು. ಅವ್ವನ ಪಾಲು. ಅಪ್ಪನ ಪಾಲು. ಮುಂದಿನದು ನನ್ನದು. ಅತ್ತಿಗಿ ಪಾಲು, ಅಂದಳು. ಅತ್ತಿ ಪಾಲು. ಗಂಡನ ಹೆಸರನ್ನು ಒಡಪು ಕಟ್ಟಿ ಹೇಳದೆ, ಮನೆಯವರ ಪಾಲು ಅಂದಳು. ಬಸಣ್ಣನ ಪಾಲು. ಟ್ರಾಲಿ ಪಾಲು ಎಂದು ಸ್ವಲ್ಪ ಹೆಚ್ಚಾಗಿಯೇ ಬಿಟ್ಟಳು. ಆಮೇಲೆ ನೆನಪು ಮಾಡಿಕೊಂಡು, ಟೈ ಕಟ್ಟಿದ ಅಣ್ಣಾರ ಪಾಲು ಅಂದಳು. ಪಾಪ, ಅವನು ಸುಮ್ಮನೆ ಕೂತಿದ್ದಷ್ಟೇ. ಅವನಿಗೂ ಸಿಕ್ಕಿತು.

ಬಟ್ಟಲು ಖಾಲಿಯಾಯಿತು.

ಮಾದೇವಿ ಬಟ್ಟಲಿನೊಳಗೆ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ. ಆ ಗೋಡೆಯ ಮೇಲಿನ ಸ್ಲ್ಯಾಬಿಗೆ ಸೆಂಟ್ರಿಂಗ್ ಹೊಡೆದದ್ದೂ ನಾನೇ, ಆದರೂ ಗೋಡೆ ಬಿರಿದು ನನ್ನನ್ನು ಒಳಗೆ ಸೇರಿಸಿಕೊಳ್ಳಲಿಲ್ಲ. ಆಮೇಲೆ ಅವಳು, ತಿರುಗದೆಯೇ, ಕೈ ಮಾತ್ರ ಹಿಂದಕ್ಕೆ ಚಾಚಿದಳು.

“ಅತ್ತಿಗೀ, ಇನ್ನಷ್ಟು ಹಾಲ ಐತೇನು? ಒಬ್ಬಾಂವ ಉಳಿದಾನ. ಅವಗ ಜಾಗಾ ಮಾಡಬೇಕು.”

ಮನೆಯ ಹಾಲು ಮುಗಿದಿತ್ತು. ಶರಣಮ್ಮ ಫ್ರಿಜ್ ತೆರೆದು, ಅಲ್ಲಿದ್ದ ಕುಲಕರ್ಣಿ ಕಾಕಾ ಅವರ ಪಾಕೀಟು ಕತ್ತರಿಸಿ ಬಟ್ಟಲಿಗೆ ಸುರಿದಳು. ಅಣ್ಣನ ಪಾಲು ಎಂದು ಮಾದೇವಿ ಎಲ್ಲರಿಗೂ ಕೇಳುವ ಹಾಗೆ ಹೇಳಿ, ತಣ್ಣನೆಯ ಹಾಲು ಬಿಟ್ಟಳು. ನನ್ನ ಕಣ್ಣಿಗೆ ಏನೋ ಬಿತ್ತು. ಸಿಮೆಂಟಿನ ಧೂಳು ಇರಬೇಕು.

“ನೋಡಿದಿಯಾ ಮಲ್ಲಣ್ಣ,” ಅಂದರು ಹಿಂದಿನಿಂದ ಕಾಕಾ, ತಮ್ಮ ಪಾಕೀಟಿನ ಕಡೆ ದುಃಖದಿಂದ ನೋಡುತ್ತಾ. “ಕಾದ್ರ ಎಲ್ಲಾ ಸಿಗ್ತದ.”

ಊರಿನಲ್ಲೇ ಅತಿ ವೇಗದ ಕಾರಿನಲ್ಲಿ ಹೋದವನು, ಎಲ್ಲರ ಪಾಲೂ ಮುಗಿದ ಮೇಲೆ ಬಂದು ಮುಟ್ಟಿದ್ದೆ. ಅದೂ ಪಕ್ಕದ ಮನೆಯ ಹಾಲಿನಲ್ಲಿ.